ಕೊಡುವವಳೂ ಪಡೆಯುವವಳೂ ಒಂದೇ ಬೆಂಚಿನಲ್ಲಿ: ಕಾನ್ವೆಂಟ್ ಶಾಲೆಯ ದಾನಧರ್ಮದ ಲೆಕ್ಕಾಚಾರ

ಹೊಸ ಇನ್‌ಚಾರ್ಜ್
ಎಲ್ಲರಿಗೂ ನಮಸ್ಕಾರ. ದಕ್ಷಿಣ ಕನ್ನಡದ ಒಂದು ಹೆಣ್ಣುಮಕ್ಕಳ ಕಾನ್ವೆಂಟ್. ಒಂದೇ ಕಾಂಪೌಂಡಿನಲ್ಲಿ ಅನುದಾನಿತ ಕನ್ನಡ ಮಾಧ್ಯಮ, ಪಕ್ಕದಲ್ಲೇ ಫೀಸಿನ ಇಂಗ್ಲಿಷ್ ಮಾಧ್ಯಮ, ಒಟ್ಟು 600 ಮಕ್ಕಳು. ಈ ವರ್ಷ ನನಗೆ ವಹಿಸಿದ ಸೋಶಿಯಲ್ ಸರ್ವಿಸ್ ಪಟ್ಟಿ: ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್ (ಮರಿಯ ಮಾತೆಯ ಹುಟ್ಟುಹಬ್ಬ, ತೆನೆಹಬ್ಬ), ಡಿಸೆಂಬರಿನಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾರಾಟ, ಜನವರಿಯಲ್ಲಿ ಫ್ಯಾನ್ಸಿ ಫೇಟ್ (ಸ್ಟಾಲುಗಳ ಮೇಳ), ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಪ್ರತಿ ಶುಕ್ರವಾರ ಮನೆಯಿಂದ ಮುಷ್ಟಿ ಅಕ್ಕಿ, ನಡುವೆ ವೃದ್ಧಾಶ್ರಮ ಭೇಟಿ. ಅಕ್ಕಿ ಹೆಚ್ಚು ತಂದ ಕ್ಲಾಸಿಗೆ ರೋಲಿಂಗ್ ಶೀಲ್ಡ್ ಕೊಡಬೇಕೆಂಬ ಸೂಚನೆ ಉಂಟು. ಏನು ಸರಿ, ಎಲ್ಲಿ ಕೆಡುತ್ತದೆ, ಅನುಭವಸ್ಥರು ಹೇಳಿ.

ಕುಸ್ವಾರ್ ಡಬ್ಬಿ
ಶೀಲ್ಡ್ ಬೇಡ. ಕಾರಣ ಆಮೇಲೆ ಯಾರಾದರೂ ಹೇಳಿಯಾರು, ಮೊದಲು ಅಕ್ಕಿಯ ಲೆಕ್ಕ ತೆಗೆದುಕೊಳ್ಳಿ.

ಮಕ್ಕಳ ಮುಷ್ಟಿಯಲ್ಲಿ 35ರಿಂದ 40 ಗ್ರಾಂ ಹಿಡಿಯುತ್ತದೆ. 600 ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ತಂದರೂ ಒಂದು ಶುಕ್ರವಾರಕ್ಕೆ 15-16 ಕಿಲೊ, ಆರು ಶುಕ್ರವಾರಕ್ಕೆ 90 ಕಿಲೊ ಮೀರುತ್ತದೆ. ವೃದ್ಧರಿಗೆ ದಿನಕ್ಕೆ ತಲಾ 250 ಗ್ರಾಂ ಹಿಡಿದರೆ 40 ಜನರ ಆಶ್ರಮಕ್ಕೆ ಒಂಬತ್ತು ದಿನದ ಅನ್ನ. ಇದು ಸಣ್ಣ ಸಂಗತಿ ಅಲ್ಲ, ಆದರೆ ಒಂದೇ ಡ್ರಮ್ಮಿಗೆ ಸುರಿದರೆ ಅಷ್ಟೂ ಹಾಳು. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಬೇಯಲು 40-45 ನಿಮಿಷ ಬೇಕು, ಬೆಳ್ತಿಗೆಗೆ (ಬಿಳಿ ಅಕ್ಕಿ) 15 ಸಾಕು. ಬೆರೆತರೆ ಒಂದು ಗಂಜಿಯಾಗುವ ಹೊತ್ತಿಗೆ ಇನ್ನೊಂದು ಹಲ್ಲಿಗೆ ಸಿಕ್ಕುತ್ತದೆ. ಆಶ್ರಮದ ಅಡುಗೆಯವರು ಅದನ್ನು ದೋಸೆಗೂ ಬಳಸಲಾರರು, ಊಟಕ್ಕೂ ಬಳಸಲಾರರು. ಕೊನೆಗೆ ಕೋಳಿಗೆ.

ಹಾಗಾಗಿ ಮೂರು ಡ್ರಮ್: ಕುಚ್ಚಲಕ್ಕಿ, ಬೆಳ್ತಿಗೆ, ಪಡಿತರದ್ದು. ಪಡಿತರ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಸಾರವರ್ಧಿತ (ಕಬ್ಬಿಣ, ವಿಟಮಿನ್ ಸೇರಿಸಿದ) ಕಾಳು ಬೆರೆಸಿರುವುದುಂಟು. ತೊಳೆಯುವಾಗ ತೇಲುವುದು ಅದೇ. ಮಕ್ಕಳು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆಕ್ಕಿ ಬಿಸಾಡುತ್ತಾರೆ, ಮೊದಲೇ ತಿಳಿಸಿಬಿಡಿ.

ಕುಸ್ವಾರ್ ಡಬ್ಬಿ
ಬಿಟ್ಟುಹೋಯಿತು. ಮಳೆಗಾಲದಲ್ಲಿ ಅಕ್ಕಿ ಸಂಗ್ರಹ ಇಟ್ಟುಕೊಳ್ಳಬೇಡಿ. ಕರಾವಳಿಯ ತೇವಕ್ಕೆ ಹದಿನೈದು ದಿನದಲ್ಲಿ ಮುಗ್ಗು ವಾಸನೆ, ತಿಂಗಳಲ್ಲಿ ಹುಳ. ಫೆಬ್ರವರಿ-ಮಾರ್ಚಿನ ತಪಸ್ಸುಕಾಲವೇ ಸರಿಯಾದ ಹೊತ್ತು. ಆಗಲೂ ಪ್ರತಿ ಶುಕ್ರವಾರದ್ದನ್ನು ಶನಿವಾರವೇ ಕಳಿಸಿ. ಆರು ವಾರ ಕೂಡಿಹಾಕಿ ಫೋಟೊ ತೆಗೆದು ಕೊಡುವ ಆಸೆಗೆ ಅಕ್ಕಿ ಹಳಸುತ್ತದೆ.

ರೋಲ್ ನಂಬರ್ 27
ಶೀಲ್ಡಿನ ವಿಷಯ ನಾನು ಹೇಳುತ್ತೇನೆ. ಬೀಡಿ ಕಟ್ಟುವ ತಾಯಿಯ ಮಗಳೂ ಕಾರಿನಲ್ಲಿ ಬರುವವಳೂ ಒಂದೇ ಕ್ಲಾಸಿನಲ್ಲಿ ಇದ್ದಾರಲ್ಲ? ಶೀಲ್ಡ್ ಇಟ್ಟ ದಿನದಿಂದ ಕ್ಲಾಸ್ ಲೀಡರ್ ಕೈಗೆ ಪಟ್ಟಿ ಬರುತ್ತದೆ. ‘ನೀನೊಬ್ಬಳು ತಂದಿಲ್ಲ, ನಿನ್ನಿಂದ ನಾವು ಸೆಕೆಂಡ್’ ಎನ್ನುವ ಮಾತು ಟೀಚರ್ ಕಿವಿಗೆ ಬೀಳುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಆಡಿಯಾಗಿರುತ್ತದೆ. ಎರಡನೇ ವಾರದಿಂದ ಇನ್ನೊಂದು ಶುರು: ಅಪ್ಪಂದಿರು ಅಂಗಡಿಯಿಂದ 25 ಕಿಲೊ ಮೂಟೆ ತಂದು ಇಳಿಸುತ್ತಾರೆ. ಅಲ್ಲಿಗೆ ಅದು ಮುಷ್ಟಿ ಅಕ್ಕಿ ಅಲ್ಲ. ಮನೆಯ ಅನ್ನದಿಂದ ಒಂದು ಹಿಡಿ ಎತ್ತಿಡುವುದು ತಪಸ್ಸುಕಾಲದ ಅರ್ಥ, ಮೂಟೆ ಹಾಕುವುದಲ್ಲ.

ಗೈಡ್ ಕ್ಯಾಪ್ಟನ್
ಒಪ್ಪುವುದು ಕಷ್ಟ ಮಾರಾಯ್ರೇ. ಸ್ಪರ್ಧೆ ತೆಗೆದರೆ ಸಂಗ್ರಹ ಅರ್ಧಕ್ಕೆ ಇಳಿಯುತ್ತದೆ. ಆಶ್ರಮದವರಿಗೆ ಬೇಕಾದ್ದು ಅಕ್ಕಿ, ನಮ್ಮ ಮನೋವಿಜ್ಞಾನ ಅಲ್ಲ. ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ಹೌಸ್ ಹೇಗೂ ಇರುತ್ತವೆ. ಹೌಸ್ ಪ್ರಕಾರ ಎಣಿಸಿದರೆ ಒಬ್ಬೊಬ್ಬಳ ಲೆಕ್ಕ ಕಾಣುವುದಿಲ್ಲ.

ರೋಲ್ ನಂಬರ್ 27
ಕ್ಯಾಪ್ಟನ್, 150 ಮಕ್ಕಳ ಹೌಸಿನಲ್ಲೂ ಹೌಸ್ ಬ್ಯಾಡ್ಜ್ ಹಾಕಿಕೊಂಡೇ ಡ್ರಮ್ಮಿನ ಹತ್ತಿರ ಬರಬೇಕಲ್ಲ. ಸ್ಪರ್ಧೆ ಬೇಕೇ ಬೇಕಿದ್ದರೆ ತೂಕಕ್ಕೆ ಬೇಡ, ಕೆಲಸಕ್ಕೆ ಇಡಿ. ಅಕ್ಕಿ ಕೇರಿ ಕಲ್ಲು ಆರಿಸುವುದು, ಚೀಲ ಹೊಲಿಯುವುದು, ಹೊರುವುದು. ಇದರಲ್ಲಿ ಬಡವರ ಮಕ್ಕಳು ಮುಂದೆ ಇರುತ್ತಾರೆ.

ಕುಸ್ವಾರ್ ಡಬ್ಬಿ
ನಡುವಿನ ದಾರಿ: ಡ್ರಮ್ಮನ್ನು ಚಾಪೆಲ್ ಮೆಟ್ಟಿಲ ಬದಿ ಇಡಿ, ಕ್ಲಾಸಿನೊಳಗೆ ಬೇಡ. ಬಾಯಿಗೆ ದಪ್ಪ ಬಟ್ಟೆ ಕಟ್ಟಿ ನಡುವೆ ಕೈ ಹೋಗುವಷ್ಟು ಸೀಳು. ಬೆಳಿಗ್ಗೆ 8.30ರಿಂದ 9 ಮಾತ್ರ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಪಕ್ಕದಲ್ಲಿ ನಿಂತವಳಿಗೂ ಗೊತ್ತಾಗಬಾರದು. ಬರಿಗೈ ಇಳಿಸಿ ಬಂದರೂ ನಡೆಯಬೇಕು.

ಧಾರವಾಡದ ಟೀಚರ್
ಛಲೋ ಅದ ರೀ ಈ ಬಟ್ಟಿ ಕಟ್ಟೂದು. ಅದೇ ವಿಚಾರ ಯೂನಿಫಾರ್ಮಿಗೂ ಹಚ್ಚಬೇಕು. ಬಹಳ ಕಡೆ ‘ಬಡ ಮಕ್ಕಳಿಗೆ ಹಳೆ ಯೂನಿಫಾರ್ಮ್’ ಅಂತ ಅಸೆಂಬ್ಲಿಯೊಳಗ ಹೆಸರು ಕರೀತಾರ. ಆ ಹುಡುಗಿ ಹತ್ತನೇ ಕ್ಲಾಸ್ ಮುಗಿಯೂ ತನಕಾ ಅದನ್ನ ಮರೆಯಂಗಿಲ್ಲ.

ನಡೆಯೋ ಪದ್ಧತಿ ಇದು. ಮಾರ್ಚ್ ಪರೀಕ್ಷೆಯ ಕಡೇ ವಾರ ಎಲ್ಲಾರಿಂದನೂ ಹಳೇ ಸ್ಕರ್ಟು, ಶರ್ಟು, ಸ್ವೆಟರ್ ತಗೋರಿ. ಒಗೆದು, ಅಳತೆ ಪ್ರಕಾರ 22ರಿಂದ 40ರ ತನಕ ಕಟ್ಟು ಮಾಡ್ರಿ. ಮೇ ಕಡೀಗೆ ಶಾಲಿ ಶುರುವಾಗೂ ಮೊದಲ ಕೌಂಟರ್ ತೆಗೀರಿ, ಹೊಸದೂ ಅಲ್ಲೇ, ಹಳೇದೂ ಅಲ್ಲೇ. ಹಳೇದಕ್ಕ ಸಣ್ಣ ಬೆಲೆ ಇಡ್ರಿ, ಯಾರು ಬೇಕಾದರೂ ಕೊಳ್ಳಲಿ. ಅನುಕೂಲಸ್ಥರೂ ಕೊಳ್ಳತಾರ, ಯಾಕಂದ್ರ ಬೆಳೆಯೋ ಮಕ್ಕಳಿಗೆ ವರ್ಷಕ್ಕೊಂದು ಸ್ಕರ್ಟು ಯಾರಿಗೂ ಭಾರನೇ. ಅದೂ ಕೊಡಲಾಗದವರಿಗೆ ಕ್ಲಾಸ್ ಟೀಚರ್ ಕಡೆಯಿಂದ ಟೋಕನ್. ಟೋಕನ್ ನೋಡಾಕ ದುಡ್ಡು ಕೊಟ್ಟವರ ರಸೀದಿ ಹಂಗನೇ ಇರಬೇಕು, ಅದೇ ಬಣ್ಣ.

ಸ್ಕರ್ಟಿನ ಅಂಚು ಬಿಚ್ಚಿ ಉದ್ದ ಮಾಡಿದರ ಹಳೇ ಮಡಿಕೆಯ ಗೆರೆ ಬಿಳಿಚಾಗಿ ಕಾಣಸ್ತದ, ದೂರದಿಂದನೂ ‘ಹಳೇದು’ ಅಂತ ಗೊತ್ತಾಗತದ. ಅರ್ಧ ನೀರು ಅರ್ಧ ವಿನೆಗರ್ ಹಚ್ಚಿ ಇಸ್ತ್ರಿ ಮಾಡಿದರ ಮಡಿಕೆಯ ಗೆರೆ ಹೋಗತದ. ಬಣ್ಣಾನೇ ಹೋಗಿದ್ದರ ಎಲ್ಲಾ ಸ್ಕರ್ಟಿಗೂ ಒಂದೇ ನಮೂನಿ ಅಂಚಿನ ಪಟ್ಟಿ ಹೊಲಸ್ರಿ. ಕಾಲರ್ ಒಳಗ ಹೊಲೆದ ಹಿಂದಿನವಳ ಹೆಸರು ಮೊದಲು ಕತ್ತರಸ್ರಿ. ಬೂಟು ಮಾತ್ರ ಹಳೇದು ತಗೋಬ್ಯಾಡ್ರಿ. ಒಬ್ಬರ ಪಾದಕ್ಕ ಕೂತ ಬೂಟು ಇನ್ನೊಬ್ಬರಿಗೆ ಕಚ್ಚತದ.

ಹೊಸ ಇನ್‌ಚಾರ್ಜ್
ಟೀಚರ್, ಧನ್ಯವಾದ. ಫೀಸ್ ರಿಯಾಯಿತಿ ಪಟ್ಟಿಯನ್ನೂ ಹಾಗೇ ಇಡುವುದಾ?

ಜಮಾ-ಖರ್ಚು
ಪಟ್ಟಿ ಮೂವರ ಕಣ್ಣಿಗೆ ಮಾತ್ರ: ಹೆಡ್‌ಮಿಸ್ಟ್ರೆಸ್, ಕ್ಲಾಸ್ ಟೀಚರ್, ಆಫೀಸಿನಲ್ಲಿ ಒಬ್ಬರು. ಫೀಸ್ ಪುಸ್ತಕದಲ್ಲಿ ಪೂರ್ತಿ ಮೊತ್ತ ಜಮಾ, ಎದುರು ‘ವಿದ್ಯಾರ್ಥಿ ನೆರವು ನಿಧಿ’ಯಿಂದ ವರ್ಗ ಎಂದು ಖರ್ಚು. ‘ಫ್ರೀ’ ಎಂದು ಕೆಂಪು ಶಾಯಿಯಲ್ಲಿ ಬರೆಯಬೇಡಿ, ಆ ಪುಸ್ತಕ ಹತ್ತು ಕೈ ಓಡಾಡುತ್ತದೆ.

ಇನ್ನೊಂದು. ದಾನದ ದುಡ್ಡು ಮುಟ್ಟುವ ಮೊದಲು ಸರಕಾರದ್ದು ಏನು ಸಿಗುತ್ತದೆ ನೋಡಿ. ತಾಯಿಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಉಂಟು, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ. ತಂದೆ ಕಟ್ಟಡ ಕಾರ್ಮಿಕರಾಗಿ ನೋಂದಾಯಿಸಿದ್ದರೆ ಆ ಮಂಡಳಿಯದ್ದು ಬೇರೆ. ಕೇಂದ್ರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗೆ ಸೀಮಿತವಾಯಿತು. ಹಳೆ ನೆನಪಿನಲ್ಲಿ ಚಿಕ್ಕ ತರಗತಿಯವರಿಂದ ಅರ್ಜಿ ಹಾಕಿಸಬೇಡಿ. ಹೆಚ್ಚಿನ ಅರ್ಜಿ ಬೀಳುವುದು ಎರಡು ಕಡೆ: ಆಧಾರ್‌ನಲ್ಲಿರುವ ಹೆಸರಿಗೂ ಶಾಲೆಯ ದಾಖಲೆಗೂ ಇನಿಷಿಯಲ್ ವ್ಯತ್ಯಾಸ, ಮತ್ತು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಜೂನ್‌ನಲ್ಲೇ ಈ ಎರಡನ್ನು ಸರಿ ಮಾಡಿಸಿದರೆ ಅಕ್ಟೋಬರಿನಲ್ಲಿ ಓಡಬೇಕಾಗಿಲ್ಲ.

ಹಳೆ ಕಡತ
ಒಂದು ಹಿನ್ನೆಲೆ. ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಮದರ್ ವೆರೋನಿಕಾ ಕಟ್ಟಿದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ (ಸನ್ಯಾಸಿನಿಯರ ಸಂಘ) ಸಿಸ್ಟರ್‌ಗಳು ಫ್ರಾನ್ಸಿನ ಬಯೋನ್‌ನಿಂದ ಮಂಗಳೂರಿಗೆ ಬಂದದ್ದು 1870ರಲ್ಲಿ. ಸಂತ ಆನ್ನ ಶಾಲೆ ಅಲ್ಲಿಂದ ಶುರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು. ಅದೇ 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಮೊನ್ಸಿಂಜೊರ್ ಆರ್.ಎಫ್.ಸಿ. ಮಸ್ಕರೇನಸ್ ಬೆಥನಿ ಸಭೆ ಸ್ಥಾಪಿಸಿದರು, ಅವರ ಸಿಸ್ಟರ್‌ಗಳು ಹಳ್ಳಿಹಳ್ಳಿಗೆ ಹೆಣ್ಣುಮಕ್ಕಳ ಶಾಲೆ ಒಯ್ದರು. ಫೀಸು ಕೊಡಬಲ್ಲವರ ಶಾಲೆಯಿಂದ ಕೊಡಲಾಗದವರ ಶಾಲೆ ನಡೆಸುವುದು ಕಾನ್ವೆಂಟುಗಳ ಹಳೆಯ ಕ್ರಮ. ಎರಡರ ನಡುವಿನ ಗೋಡೆ ಈಗಲೂ ಮಧ್ಯಾಹ್ನ ಕಾಣುತ್ತದೆ: ಅನುದಾನಿತ ವಿಭಾಗಕ್ಕೆ ಅಕ್ಷರ ದಾಸೋಹದ ಬಿಸಿಯೂಟ, ಪಕ್ಕದವರಿಗೆ ಟಿಫಿನ್ ಡಬ್ಬಿ. ಹಾಗಾಗಿ ‘ನಾವು ಕೊಡುವವರು, ಅವರು ಪಡೆಯುವವರು’ ಎಂಬ ಭಾವನೆ ಹುಟ್ಟಲು ಫೇಟೇ ಬೇಕಾಗಿಲ್ಲ. ಸ್ಟಾಲುಗಳನ್ನು ಎರಡೂ ಮಾಧ್ಯಮದ ಮಕ್ಕಳನ್ನು ಬೆರೆಸಿ ಹಂಚಿ.

ಜಮಾ-ಖರ್ಚು
ಫೇಟ್ ಮಾತು ಬಂತಲ್ಲ, ದುಡ್ಡು ಸೋರುವುದು ಅಲ್ಲೇ.

ಸ್ಟಾಲಿನಲ್ಲಿ ನಗದು ಬೇಡ, ಕೂಪನ್ ಮಾತ್ರ. 10, 20, 50ರ ಮೂರು ಬಣ್ಣ, ಕ್ರಮಸಂಖ್ಯೆ, ಮೇಲೆ ಶಾಲೆಯ ಸೀಲ್. ಕಾಗದದ ಬಣ್ಣ ಯಾವುದೆಂದು ಹಿಂದಿನ ಸಂಜೆಯವರೆಗೆ ಯಾರಿಗೂ ಹೇಳಬೇಡಿ, ಜೆರಾಕ್ಸ್ ಕೂಪನ್ ಹುಟ್ಟುವುದು ಮೊದಲೇ ಹಂಚಿದಾಗ. ಕೌಂಟರ್ ಎರಡು, ಒಂದೊಂದಕ್ಕೆ 3,000 ರೂಪಾಯಿ ಚಿಲ್ಲರೆ, ಹತ್ತು-ಇಪ್ಪತ್ತರ ನೋಟುಗಳಲ್ಲಿ. ಕ್ಯೂಆರ್ ಕೋಡ್ ಶಾಲೆಯ ಖಾತೆಯದ್ದೇ ಇರಬೇಕು. ‘ಇವತ್ತಿಗೆ ನನ್ನ ನಂಬರಿಗೆ ಹಾಕಿ’ ಎಂದು ಟೀಚರ್ ಒಬ್ಬರು ಒಳ್ಳೆ ಮನಸ್ಸಿನಿಂದ ಹೇಳಿದರೂ ಆ ಹಣ ಅವರ ಆದಾಯವಾಗಿ ಕಾಣುತ್ತದೆ, ಮಾತೂ ಬರುತ್ತದೆ.

ಸಂಜೆ ಸ್ಟಾಲಿನ ಡಬ್ಬಿ ತೆರೆದು ಕೂಪನ್ ಎಣಿಸಿ, ಕೌಂಟರಿನಲ್ಲಿ ಮಾರಿದ ಕೂಪನ್‌ಗೆ ಹೋಲಿಸಿ. ಮಾರಿದ್ದು ಹೆಚ್ಚು, ಸ್ಟಾಲಿಗೆ ಬಂದದ್ದು ಕಡಿಮೆ ಇದ್ದರೆ ತೊಂದರೆ ಇಲ್ಲ, ಜನ ಖರ್ಚು ಮಾಡದೆ ಉಳಿಸಿಕೊಂಡಿದ್ದಾರೆ. ಬಂದದ್ದು ಹೆಚ್ಚಾದರೆ ನಕಲಿ ಕೂಪನ್ ಉಂಟು ಎಂದೇ ಅರ್ಥ. ಮೂವರ ಸಹಿ ಹಾಕದೆ ಯಾರೂ ಮನೆಗೆ ಹೋಗಬಾರದು. ಮರುದಿನ ಬ್ಯಾಂಕು. ಹತ್ತು ದಿನದೊಳಗೆ ಜಮಾ, ಖರ್ಚು, ಯಾರಿಗೆ ಎಷ್ಟು ಹೋಯಿತು, ಮೂರನ್ನೂ ನೋಟಿಸ್ ಬೋರ್ಡಿಗೆ.

ಪ್ರತಿ ಹುಡುಗಿಗೂ ಹತ್ತು ಟಿಕೆಟಿನ ಪುಸ್ತಕ ಕೊಟ್ಟು ‘ಮಾರಿಕೊಂಡು ಬಾ’ ಎನ್ನಬೇಡಿ. ಮಾರದವಳು ತಾನೇ ಕೊಳ್ಳುತ್ತಾಳೆ. ಅದು ದೇಣಿಗೆಯ ವೇಷದ ಫೀಸು.

ರೋಲ್ ನಂಬರ್ 27
ಲಕ್ಕಿ ಡ್ರಾ?

ಜಮಾ-ಖರ್ಚು
ರಾಜ್ಯದಲ್ಲಿ ಲಾಟರಿ 2007ರಿಂದ ನಿಷೇಧ. ‘ಚಾರಿಟಿ’ ಎಂದು ಬರೆದ ಮಾತ್ರಕ್ಕೆ ಟಿಕೆಟ್ ಮಾರಿ ಬಹುಮಾನ ಎತ್ತುವುದು ಬೇರೆ ಆಗುವುದಿಲ್ಲ. ಬಿಟ್ಟುಬಿಡಿ. ಅದರ ಬದಲು ಮಕ್ಕಳಿಗೆ ಲಕ್ಕಿ ಡಿಪ್: ಮರದ ಹುಡಿ ತುಂಬಿದ ಬಾನಿ, ಕೈ ಹಾಕಿದವರಿಗೆಲ್ಲ ಏನಾದರೊಂದು ಸಿಗುತ್ತದೆ, ಖಾಲಿ ಪೊಟ್ಟಣ ಇರುವುದಿಲ್ಲ. ಹೌಸಿ (ಸಂಖ್ಯೆ ಕೂಗಿ ಆಡುವ ತಂಬೋಲ) ಆಟಕ್ಕೂ ಟಿಕೆಟ್ ದುಡ್ಡು ಬೇಡ. ಊಟದ ಕೂಪನ್ ಕೊಂಡವರಿಗೆಲ್ಲ ಒಂದು ಚೀಟಿ ಉಚಿತ, ಬಹುಮಾನ ಹಳೆ ವಿದ್ಯಾರ್ಥಿನಿಯರು ಕೊಟ್ಟ ಪಾತ್ರೆ ಪಗಡ.

ಗೈಡ್ ಕ್ಯಾಪ್ಟನ್
ಹೌಸಿ ಚೀಟಿ ಬಿಡಿಬಿಡಿಯಾಗಿ ಜೆರಾಕ್ಸ್ ಮಾಡಬೇಡಿ. ಆರು ಚೀಟಿಯ ಹಾಳೆಯಲ್ಲಿ 1ರಿಂದ 90ರ ಎಲ್ಲ ಸಂಖ್ಯೆ ಒಂದೊಂದೇ ಸಲ ಬರುತ್ತದೆ. ಒಂದೇ ಹಾಳೆಯ ಪ್ರತಿ ಇಬ್ಬರ ಕೈಗೆ ಹೋದರೆ ಒಟ್ಟಿಗೆ ಇಬ್ಬರು ‘ಫುಲ್ ಹೌಸ್’ ಎಂದು ಕೂಗುತ್ತಾರೆ, ಮತ್ತೆ ಜಗಳ ಬಿಡಿಸಲು ಸಿಸ್ಟರ್ ಬರಬೇಕು.

ತಿಂಡಿ: ಗೋಳಿಬಜೆಗೆ 1 ಕಿಲೊ ಮೈದಾ, ಅಷ್ಟೇ ಹುಳಿ ಮೊಸರು. ಸಣ್ಣದಾಗಿ ಬಿಟ್ಟರೆ ಸುಮಾರು 80 ಆಗುತ್ತದೆ. ಕಲಸಿ ಮೂರು ಗಂಟೆ ಬಿಡಬೇಕು. ಬೆಳಿಗ್ಗೆ 6ಕ್ಕೆ ಕಲಸಿದ್ದು ಮಧ್ಯಾಹ್ನ 2ರ ಸೆಕೆಗೆ ಹುಳಿ ಏರಿ ಎಣ್ಣೆ ಕುಡಿಯುತ್ತದೆ, ಹಾಗಾಗಿ ಎರಡು ಸರ್ತಿ ಕಲಸಿ. ಚುರುಮುರಿಗೆ ಕಿಲೊ ಮಂಡಕ್ಕಿಯಿಂದ 25 ಪೊಟ್ಟಣ. ಹಸಿ ತೆಂಗಿನಕಾಯಿ ಚಟ್ನಿ ಮೊದಲು ಕೆಡುವ ವಸ್ತು, ಎರಡು ಗಂಟೆ ಮೀರಿದರೆ ಚೆಲ್ಲಿ.

ಸನ್ನಾಂ (ಇಡ್ಲಿಯಂಥದ್ದು) ಜೊತೆ ಪೋರ್ಕ್ ಬಫಾತ್ (ಹಂದಿಮಾಂಸದ ಪದಾರ್ಥ) ಚರ್ಚ್ ಫೇಟಿನಲ್ಲಿ ಸಲೀಸು. ಶಾಲೆಯದ್ದರಲ್ಲಿ ಎಲ್ಲ ಜಾತಿ-ಧರ್ಮದ ಮಕ್ಕಳು ಸೌಟು ಹಿಡಿಯುತ್ತಾರೆ. ಇಡದಿದ್ದರೆ ಯಾರಿಗೂ ನಷ್ಟ ಇಲ್ಲ.

ಕುಸ್ವಾರ್ ಡಬ್ಬಿ
ಹಾಗೆಯೇ ಕುಸ್ವಾರ್ ಪೊಟ್ಟಣದ ಮೇಲೆ ‘ಮೊಟ್ಟೆ ಇದೆ’ ಎಂದು ಬರೆಯಿರಿ. ಕಿಡಿಯೊ, ಕೊಕ್ಕಿಸಾಂ ಎರಡಕ್ಕೂ ಮೊಟ್ಟೆ ಬೀಳುತ್ತದೆ, ಕೊಳ್ಳುವವರಲ್ಲಿ ಸಸ್ಯಾಹಾರಿಗಳೂ ಇರುತ್ತಾರೆ. ಅಂಥವರಿಗೆ ಚಕ್ಕುಲಿ, ಎಳ್ಳುಂಡೆ ಬೇರೆ ಬೇರೆ ಪೊಟ್ಟಣದಲ್ಲಿ. ಚಕ್ಕುಲಿಯನ್ನು ಸಿಹಿಯ ಜೊತೆ ಹಾಕಿದರೆ ಎಲ್ಲದಕ್ಕೂ ಇಂಗಿನ ವಾಸನೆ. ನೆವ್ರಿಯೊಗಳ (ಕರ್ಜಿಕಾಯಿ) ಹೂರಣಕ್ಕೆ ಹಸಿ ಕಾಯಿ ಹಾಕಿದರೆ ನಾಲ್ಕು ದಿನದಲ್ಲಿ ಮೆತ್ತಗೆ, ವಾರದಲ್ಲಿ ಕಮಟು. ಒಣಕೊಬ್ಬರಿ ಹುರಿದು ಹಾಕಿ. ಕರಿದದ್ದು ಪೂರ್ತಿ ಆರದೆ ಕಟ್ಟಿದರೆ ಕವರಿನೊಳಗೆ ಬೆವರುತ್ತದೆ. ಆರ್ಡರ್ ಡಿಸೆಂಬರ್ ಮೊದಲ ವಾರಕ್ಕೆ ನಿಲ್ಲಿಸಿ.

ಸೇವಾ ಭೇಟಿ
ವೃದ್ಧಾಶ್ರಮ ಭೇಟಿ ಬಗ್ಗೆ. ಒಂದು ಬಸ್ಸು ತುಂಬ ಕರೆದೊಯ್ಯುವುದು ದೊಡ್ಡ ತಪ್ಪು. 12-15 ಮಕ್ಕಳು, ಇಬ್ಬರು ಟೀಚರ್, 45 ನಿಮಿಷ ಸಾಕು. ಹೊತ್ತು ಬೆಳಿಗ್ಗೆ 10ರಿಂದ 11.30. ಮಧ್ಯಾಹ್ನ ಅವರು ಮಲಗುತ್ತಾರೆ. ಕ್ರಿಸ್ಮಸ್ ವಾರದಲ್ಲಿ ಹೋಗಬೇಡಿ, ಆಗ ಎಲ್ಲರೂ ಕೇಕ್ ಹಿಡಿದು ಬರುತ್ತಾರೆ. ಜುಲೈನಲ್ಲಿ ಯಾರೂ ಬರುವುದಿಲ್ಲ, ಆಗ ಹೋಗಿ.

ಮೊದಲು ಫೋನ್ ಮಾಡಿ ಏನು ಬೇಕು ಕೇಳಿ. ಸಿಗುವ ಉತ್ತರ ಹೆಚ್ಚಾಗಿ ಒಂದೇ ಥರ: ದೊಡ್ಡವರ ಡೈಪರ್, ಫಿನಾಯಿಲ್, ಮೈಸೋಪು, ತೆಂಗಿನೆಣ್ಣೆ, ಹತ್ತಿ ಬೆಡ್‌ಶೀಟು, ಮುಂದೆ ಗುಂಡಿ ಇರುವ ನೈಟಿ. ಡೈಪರಿನ ಅಳತೆ ಕೇಳದೆ ತರಬೇಡಿ, ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ತೊಡೆ ಸಂದು ಹುಣ್ಣಾಗುತ್ತದೆ. ಸಿಹಿ ಬೇಡ, ಹಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಕಂಬಳಿ ಈಗಾಗಲೇ ಕಪಾಟು ತುಂಬ ಇರುತ್ತದೆ.

ಇಂಗ್ಲಿಷ್ ಆ್ಯಕ್ಷನ್ ಸಾಂಗ್ ಬಿಡಿ. ಕೊಂಕಣಿ, ತುಳು, ಕನ್ನಡದ ಹಳೆ ಹಾಡಿಗೆ ಅಜ್ಜಿಯಂದಿರು ದನಿ ಕೂಡಿಸುತ್ತಾರೆ. ಮೊಬೈಲ್ ಬಸ್ಸಿನಲ್ಲೇ ಇರಲಿ. ಮಕ್ಕಳ ಪಾಲನಾ ಗೃಹಕ್ಕೆ ಹೋದರಂತೂ ಇನ್ನೂ ಎಚ್ಚರ: 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಲ್ಲಿನ ಮಕ್ಕಳ ಗುರುತು ತಿಳಿಯುವಂತೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಶಾಲೆಯ ಫೇಸ್‌ಬುಕ್ ಪುಟದಲ್ಲಿ ಬಿಸ್ಕತ್ ಕೊಡುವ ಫೋಟೊ ಹಾಕುವವರಿಗೆ ಇದು ಗೊತ್ತಿರುವುದಿಲ್ಲ.

ರೋಲ್ ನಂಬರ್ 27
ಭೇಟಿಗೆ ಯಾವ ಸಂಘದ ಮಕ್ಕಳು? ಲೀಜನ್ ಆಫ್ ಮೇರಿ ಎಂಬ ಕಥೊಲಿಕ್ ಸಂಘದವರನ್ನೇ ಕಳಿಸುವ ಕ್ರಮ ಕೆಲವು ಕಡೆ ಉಂಟು.

ಹಳೆ ಕಡತ
ಹೋಗಲಿ, ಆದರೆ ಅವರ ಕೈಯಲ್ಲಿ ಸಾಮಾನು ಕೊಡಬೇಡಿ. 1921ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಆ ಸಂಘದ ನಿಯಮವೇ ಹಾಗೆ, ವಸ್ತು ಅಥವಾ ಹಣದ ನೆರವು ಕೊಡುವಂತಿಲ್ಲ. ಭೇಟಿ, ಮಾತು, ಪ್ರಾರ್ಥನೆ ಅಷ್ಟೆ. ಸಾಮಾನಿನ ಕೆಲಸ ಸಂತ ವಿನ್ಸೆಂಟ್ ಪಾವ್ಲ್ ಸಭೆಯದ್ದು, ಅದು 1833ರದ್ದು, ಪ್ಯಾರಿಸ್. ಚಿಕ್ಕ ಮಕ್ಕಳ ಕಾಣಿಕೆ ಡಬ್ಬಿ 1843ರ ಹೋಲಿ ಚೈಲ್ಡ್‌ಹುಡ್ ಸಂಘದ ಪರಂಪರೆ, ‘ಮಕ್ಕಳಿಂದ ಮಕ್ಕಳಿಗೆ’. ವೈಸಿಎಸ್‌ನವರು (ಯುವ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ) ‘ನೋಡು, ವಿಮರ್ಶಿಸು, ಕಾರ್ಯಗತ ಮಾಡು’ ಎನ್ನುತ್ತಾರೆ. ಯೋಜನೆ ಅವರಿಂದ ಮಾಡಿಸಿ, ಯಾಕೆ ಬಡತನ ಎಂದು ಕೇಳುವ ಅಭ್ಯಾಸ ಅವರಿಗಿದೆ.

ಈ ಸಂಘಗಳೆಲ್ಲ ಕಥೊಲಿಕ್ ಮಕ್ಕಳದ್ದು. ಉಳಿದವರು ಗೈಡ್ಸ್, ಬುಲ್‌ಬುಲ್ (ಚಿಕ್ಕ ಹುಡುಗಿಯರ ಗೈಡ್ ದಳ), ಜೂನಿಯರ್ ರೆಡ್‌ಕ್ರಾಸ್ ಮೂಲಕ ಬರಲಿ. ಸಂವಿಧಾನದ 28(3)ನೇ ವಿಧಿಯಂತೆ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ. ಮೊಂತಿ ಫೆಸ್ತಿಗೂ ಅಷ್ಟೇ, ಬರುವವರು ಬರಲಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಾತೆಗೆ ಹೂವು, ಸೆಪ್ಟೆಂಬರ್ 8ಕ್ಕೆ ಹೊಸ ತೆನೆ. ಹೊಸ ತೆನೆಯನ್ನು ಮನೆಗೆ ತರುವುದು ಊರಿನ ಎಲ್ಲರಿಗೂ ಗೊತ್ತಿರುವ ಹಬ್ಬವೇ.

ಕುಸ್ವಾರ್ ಡಬ್ಬಿ
ಹೂವಿಗೂ ಒಂದು ನಿಯಮ: ಅಂಗಳದ್ದು, ಬೇಲಿಯದ್ದು ಮಾತ್ರ. ಪೇಟೆಯಿಂದ ಸೇವಂತಿಗೆ ಮೊಳ ತಂದರೆ ಮರುದಿನ ಎಲ್ಲರೂ ತರಬೇಕಾಗುತ್ತದೆ. ಕ್ರಿಸ್ಮಸ್ ಫ್ರೆಂಡ್ ಚೀಟಿಗೂ (ಹೆಸರಿನ ಚೀಟಿ ಎತ್ತಿ ಅವಳಿಗೆ ಉಡುಗೊರೆ ಕೊಡುವುದು) ಇದೇ ರೋಗ. 50 ರೂಪಾಯಿ ಮಿತಿ ಎಂದರೆ ಸಾಲದು, ‘ಕೈಯಿಂದ ಮಾಡಿದ್ದು’ ಎನ್ನಿ. ಆ ದಿನ ರಜೆ ಹಾಕಿದವಳ ಫ್ರೆಂಡ್‌ಗೆ ಏನೂ ಸಿಗುವುದಿಲ್ಲ, ಟೀಚರ್ ಮೇಜಿನಲ್ಲಿ ಮೂರು ಪೊಟ್ಟಣ ಹೆಚ್ಚಿಗೆ ಇರಲಿ.

ದುಬೈ ಹಳೆವಿದ್ಯಾರ್ಥಿನಿ
ಗಲ್ಫಿನಿಂದ ಹಣ ಕಳಿಸಬಹುದಾ? ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಭಯ ಎಲ್ಲರಿಗೂ ಇದೆ.

ಜಮಾ-ಖರ್ಚು
ಬಾಯಿಯವರೇ, ಯಾವ ಊರಿನಿಂದ ಎಂಬುದಲ್ಲ, ಯಾವ ಪಾಸ್‌ಪೋರ್ಟ್ ಎಂಬುದು ಮುಖ್ಯ. ಭಾರತದ ಪೌರರು ಹೊರದೇಶದಲ್ಲಿ ದುಡಿದ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ಶಾಲೆಯ ಕಡತದಲ್ಲಿ ಇರಲಿ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನವರು, ವಿದೇಶಿ ಪೌರತ್ವ ಪಡೆದವರು, ಅಥವಾ ಅಲ್ಲಿ ನೋಂದಾಯಿಸಿದ ಸಂಘದ ಖಾತೆಯಿಂದ ಬಂದರೆ ವಿದೇಶಿ ದೇಣಿಗೆಯೇ. ಅದಕ್ಕೆ ಸಭೆಯ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಇರಬೇಕು. 2020ರ ತಿದ್ದುಪಡಿಯ ನಂತರ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಸ್ವಂತ ಉಳಿತಾಯ ಎಂದು ಕಾಣಬೇಕಾದ್ದರಿಂದ ಹತ್ತು ಗೆಳತಿಯರು ಒಬ್ಬಳ ಖಾತೆಗೆ ಕೂಡಿಸಿ ಕಳಿಸುವುದಕ್ಕಿಂತ ಹತ್ತೂ ಜನ ತಮ್ಮ ತಮ್ಮ ಖಾತೆಯಿಂದ ಕಳಿಸುವುದು ಒಳ್ಳೆಯದು.

ಊರಿನವರಿಗೆ: 2,000 ರೂಪಾಯಿ ಮೀರಿ ನಗದು ಕೊಟ್ಟರೆ ಅದಕ್ಕೆ ದಾನದ ಆದಾಯ ತೆರಿಗೆ ವಿನಾಯಿತಿ ಇಲ್ಲ. ಅಕ್ಕಿ, ಬಟ್ಟೆ, ಪಾತ್ರೆಗೂ ಇಲ್ಲ. ರಸೀದಿ ಕೇಳಿದರೆ ವಸ್ತುವಿನ ಹೆಸರು, ತೂಕ ಬರೆದು ಕೊಡಿ, ಬೆಲೆ ಬರೆಯಬೇಡಿ.

ಹೊಸ ಇನ್‌ಚಾರ್ಜ್
ಶೀಲ್ಡ್ ಬಗ್ಗೆ ಹೆಡ್‌ಮಿಸ್ಟ್ರೆಸ್ ಹತ್ತಿರ ಮಾತಾಡಬೇಕು. ಡ್ರಮ್ಮಿನ ಬಟ್ಟೆ ಎಂಥದ್ದು ಒಳ್ಳೆಯದು?

ಕುಸ್ವಾರ್ ಡಬ್ಬಿ
ಹಳೆ ಯೂನಿಫಾರ್ಮ್ ಸ್ಕರ್ಟಿನದ್ದೇ ಆಗುತ್ತದೆ, ಎರಡು ಪದರ. ಸೊಂಟದ ಇಲಾಸ್ಟಿಕ್ ಡ್ರಮ್ಮಿನ ಬಾಯಿಗೆ ಸರಿಯಾಗಿ ಕೂರುತ್ತದೆ.